ದೇವರ ಚಿತ್ತವೂ ನಮ್ಮ ಕೈಗಳೂ

ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿದೆ: ‘ಎಲ್ಲವೂ ದೇವರ ಚಿತ್ತ.’ ಮಗಳ ಮದುವೆ ಕೂಡಿಬಂದರೂ ಅದೇ ಮಾತು, ಮುರಿದುಬಿದ್ದರೂ ಅದೇ ಮಾತು. ಮಳೆ ಬಂದರೂ ಹೇಳುತ್ತೇವೆ, ಕೈಕೊಟ್ಟರೂ ಹೇಳುತ್ತೇವೆ. ಗುರುಗಳಾದ ನಾವಂತೂ ಸಾವಿನ ಮನೆಯಲ್ಲಿ ಬೇರೆ ಮಾತು ತೋಚದೆ ಹೋದಾಗ ಇದನ್ನೇ ಆಶ್ರಯಿಸುತ್ತೇವೆ. ನಮ್ಮ ನೆರೆಹೊರೆಯ ಮುಸ್ಲಿಂ ಬಂಧುಗಳು ಇದನ್ನೇ ‘ತಕ್ದೀರ್’ ಎನ್ನುತ್ತಾರೆ. ಈ ಮಾತಿನ ಅರ್ಥವನ್ನು ನಾನು ಸೆಮಿನರಿಯಲ್ಲಿ ದಪ್ಪ ಪುಸ್ತಕಗಳಿಂದ ಓದಿದ್ದೆ. ಆದರೆ ಅದನ್ನು ನಿಜವಾಗಿ ಕಲಿತದ್ದು ಶಹಾಬಾದಿನ ಒಂದು ಕಲ್ಲುಗಣಿಯ ದಂಡೆಯ ಮೇಲೆ, ಒಬ್ಬ ಮುಸ್ಲಿಂ ಹಿರಿಯರಿಂದ. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದು ನನ್ನ ಮೇಲಿರುವ ಹಳೆಯ ಸಾಲ.

ನಾನು ಕರಾವಳಿಯಲ್ಲಿ ಹುಟ್ಟಿದವನು. ಈ ಭಾಗಕ್ಕೆ ಮೊದಲ ಬಾರಿ ಬಂದಾಗ ಕಲಬುರಗಿ ಧರ್ಮಪ್ರಾಂತ ಇನ್ನೂ ಸ್ಥಾಪನೆಯಾಗಿರಲಿಲ್ಲ. ಅದು ಆದದ್ದು 2005ರಲ್ಲಿ. ಅಂದಿನಿಂದ ನನ್ನ ಗುರುಜೀವನದ ಬಹುಪಾಲು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ನಡುವಿನ ದಾರಿಗಳಲ್ಲಿ ಕಳೆದಿದೆ. ರೈಲ್ವೆ ಮತ್ತು ಸಿಮೆಂಟ್ ಕಾರ್ಖಾನೆಗಳ ಕೆಲಸಕ್ಕೆಂದು ನಾನಾ ಕಡೆಗಳಿಂದ ಬಂದು ನೆಲೆಸಿದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿವೆ. ಅವರ ಮನೆಯ ಗೋಡೆಗೆ ಗೋಡೆ ತಾಗಿಸಿ ಮುಸ್ಲಿಂ ಮನೆಗಳಿವೆ. ರಂಜಾನ್ ಹಬ್ಬದಂದು ಸುರಕುಂಬಾ ಈ ಕಡೆ ಬರುತ್ತದೆ, ಕ್ರಿಸ್ಮಸ್ಸಿಗೆ ಕೇಕು ಆ ಕಡೆ ಹೋಗುತ್ತದೆ. ಆದರೆ ಅವರ ವಿಶ್ವಾಸ ಏನನ್ನು ಹೇಳುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ನನಗೂ ತಿಳಿದಿರಲಿಲ್ಲ, ತಿಳಿದಿದೆ ಎಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬಲಿಪೂಜೆಯಲ್ಲಿ ಸಿರಾಖನ ಗ್ರಂಥದಿಂದ ವಾಚನವಿತ್ತು. ದೇವರು ಮನುಷ್ಯನ ಮುಂದೆ ಬೆಂಕಿಯನ್ನೂ ನೀರನ್ನೂ ಇಟ್ಟಿದ್ದಾರೆ, ಬೇಕಾದುದಕ್ಕೆ ಅವನೇ ಕೈಚಾಚಬೇಕು ಎಂಬ ಬೋಧನೆ ಅಲ್ಲಿದೆ. ಅದನ್ನು ವಿವರಿಸುತ್ತ ನಾನು ಪ್ರಬೋಧನೆಯಲ್ಲಿ, ಮುಸಲ್ಮಾನರಿಗೆ ಎಲ್ಲವೂ ಹಣೆಬರಹ, ನಮಗಾದರೋ ದೇವರು ಸ್ವಾತಂತ್ರ್ಯ ಕೊಟ್ಟಿದ್ದಾರೆ ಎಂದುಬಿಟ್ಟೆ. ಯಾರೂ ಆಕ್ಷೇಪಿಸಲಿಲ್ಲ. ಕೆಲವರು ತಲೆದೂಗಿದರು. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಪೀಠದ ಬಳಿಯಲ್ಲೇ ನಿಂತು ಮೀರಿದ್ದೇನೆಂದು ನನಗೆ ಆಗ ಅನ್ನಿಸಲಿಲ್ಲ.

ಬೇಲಿಯಿಲ್ಲದ ಗಣಿ

ಶಹಾಬಾದಿನ ಫರಸಿ ಕಲ್ಲನ್ನು ನೀವೆಲ್ಲರೂ ಬಲ್ಲಿರಿ. ನಮ್ಮ ಮನೆಗಳ ನೆಲದಲ್ಲಿ, ಬಚ್ಚಲಲ್ಲಿ, ಅಂಗಳದಲ್ಲಿ ಅದೇ ಇದೆ. ಪದರ ಪದರವಾಗಿ ಮಲಗಿರುವ ಆ ಸುಣ್ಣಕಲ್ಲನ್ನು ಹಾರೆಯಿಂದ ಮೀಟಿ ತೆಗೆಯುತ್ತಾರೆ. ಕಲ್ಲು ಮುಗಿದ ಮೇಲೆ ಗಣಿಯನ್ನು ಹಾಗೆಯೇ ಬಿಟ್ಟುಹೋಗುವುದುಂಟು. ಮಳೆಗಾಲದಲ್ಲಿ ಅಂಥ ತಗ್ಗುಗಳು ತುಂಬಿ ಕೆರೆಯಂತೆ ಕಾಣುತ್ತವೆ. ದಂಡೆ ಯಾವುದು, ಆಳ ಯಾವುದು ಎಂದು ಮಕ್ಕಳಿಗೆ ತಿಳಿಯುವುದಿಲ್ಲ.

ನಮ್ಮ ಕೆಲವು ಕುಟುಂಬಗಳಿದ್ದ ಓಣಿಯ ಹಿಂದೆ ಅಂಥದೊಂದು ಹಳೆಯ ಗಣಿ ಇತ್ತು. ಅದೇ ಓಣಿಯಲ್ಲಿ ಒಬ್ಬ ವೃದ್ಧರಿದ್ದರು. ನಲವತ್ತು ವರ್ಷ ಕಲ್ಲುಗಣಿಗಳಲ್ಲಿ ಮೇಸ್ತ್ರಿಯಾಗಿ ದುಡಿದವರು, ಐದು ಹೊತ್ತಿನ ನಮಾಜನ್ನು ತಪ್ಪಿಸದವರು. ಎಲ್ಲರಂತೆ ನಾನೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ಬೇಸಿಗೆಯಲ್ಲಿ ಅವರು ನನ್ನ ಬಳಿ ಎರಡು ಬಾರಿ ಬಂದಿದ್ದರು. ಗಣಿಯ ಮಾಲೀಕರ ಬಳಿಗೂ ಕಚೇರಿಗೂ ಜೊತೆಯಾಗಿ ಹೋಗಿ ಬೇಲಿ ಹಾಕಿಸಲು ಕೇಳೋಣ, ನೀವು ಬಂದರೆ ಮಾತಿಗೆ ತೂಕ ಬರುತ್ತದೆ ಎಂದಿದ್ದರು. ಆಗ ಧರ್ಮಕೇಂದ್ರದ ಹಬ್ಬ, ದೃಢೀಕರಣದ ತರಗತಿಗಳು, ಲೆಕ್ಕಪತ್ರಗಳು ನನ್ನ ಮುಂದಿದ್ದವು. ಎರಡನೆಯ ಬಾರಿ ಬಂದಾಗ ನಾನು ಕೊಟ್ಟ ಉತ್ತರ ಇಂದಿಗೂ ನೆನಪಿದೆ: ‘ನೋಡೋಣ ಚಾಚಾ, ದೇವರ ಚಿತ್ತವಿದ್ದರೆ ಬರುತ್ತೇನೆ.’

ಮಳೆ ಬಂತು. ಆಷಾಢದ ಒಂದು ಮಧ್ಯಾಹ್ನ ನಮ್ಮ ಧರ್ಮಕೇಂದ್ರದ ಒಂಬತ್ತು ವರ್ಷದ ಹುಡುಗನೊಬ್ಬ ಗೆಳೆಯರೊಡನೆ ಆಡುತ್ತ ಆ ನೀರಿಗೆ ಬಿದ್ದ. ಮೇಲೆತ್ತುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಸಮಾಧಿಯ ಹೊತ್ತಿಗೆ ನಾನು ಎಂದಿನಂತೆ ಮಾತನಾಡಿದೆ. ದೇವರು ತಮ್ಮ ತೋಟಕ್ಕೆ ಒಂದು ಹೂವನ್ನು ಕರೆದುಕೊಂಡಿದ್ದಾರೆ, ಇದು ಅವರ ಚಿತ್ತ, ತಲೆಬಾಗೋಣ ಎಂದೆ. ಆ ತಾಯಿ ತಲೆ ಬಾಗಿಸಲಿಲ್ಲ. ತಲೆ ಎತ್ತಿ ನನ್ನನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

ಏಳನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಚಾಚಾ ನನ್ನನ್ನು ಹೊರಗೆ ಕರೆದರು. ತಗ್ಗಿದ ದನಿಯಲ್ಲಿ ಹೇಳಿದರು: “ಫಾದರ್ ಸಾಬ್, ಒಂದ್ ಮಾತ್ ಹೇಳ್ತೀನ್ರಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಕೂಸು ಹೋಗ್ಯಾದ. ಹೋದದ್ದಕ್ಕ ಅಲ್ಲಾಹನ ಹುಕುಂ ಅಂತ ತಾಯಿಗಿ ಸಬರ್ ಹೇಳೋದು ಖರೆ. ಆದ್ರ ಆ ಖಣಿಗಿ ಬೇಲಿ ಇದ್ದಿದ್ದಿಲ್ಲಲ್ರೀ, ಅದು ಯಾರ ಹುಕುಂ?”

ನನಗೆ ಉತ್ತರ ತೋಚಲಿಲ್ಲ. ಅವರು ನನ್ನನ್ನು ದೂರಲೂ ಇಲ್ಲ. “ತಪ್ಪು ನಂದೂ ಅದ. ನೀವು ಬರಲಿಲ್ಲ ಅಂತ ನಾನೂ ಸುಮ್ನ ಕುಂತೆ. ನಾವ್ ಮಾಡದೆ ಬಿಟ್ಟದ್ದು ತಕ್ದೀರ್ ಅಂತ ಹೇಳಿದ್ರ ಅಲ್ಲಾಹನ ಮ್ಯಾಲ ಸುಳ್ಳ ಹೊರಿಸಿದಂಗ ಆಗ್ತದ್ರಿ” ಎಂದರು.

ಮುಂದಿನ ವಾರ ಅವರು ಮಸೀದಿಯ ಕೆಲವು ಯುವಕರನ್ನು ಕರೆತಂದರು. ನಾನು ನಮ್ಮ ಯುವಕರನ್ನು ಕರೆದೊಯ್ದೆ. ಮಾಲೀಕರು ಬೇಡವೆನ್ನಲಿಲ್ಲ. ಗಣಿಯ ಬಳಿ ರಾಶಿ ಬಿದ್ದಿದ್ದ ಒಡಕು ಫರಸಿಗಳನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಗಾರೆ ಹಾಕಿ, ಸುತ್ತಲೂ ಗೋಡೆ ಎಬ್ಬಿಸಿದೆವು. ಮೂರು ವಾರ ಹಿಡಿಯಿತು. ಯಾವ ಕಲ್ಲು ಎಲ್ಲಿ ಕೂಡಬೇಕೆಂದು ಚಾಚಾ ಕುಳಿತಲ್ಲಿಂದಲೇ ಹೇಳುತ್ತಿದ್ದರು. ಎರಡನೆಯ ವಾರ ಆ ತಾಯಿ ಎಲ್ಲರಿಗೂ ಚಹಾ ಮಾಡಿ ತಂದಳು. ನನಗೂ ಒಂದು ಲೋಟ ಕೊಟ್ಟಳು. ಮಾತಾಡಲಿಲ್ಲ.

ಒಂದು ವಿಧಿಯಿಂದ ಇನ್ನೊಂದಕ್ಕೆ

ಕಲ್ಲು ಹೊರುತ್ತಿದ್ದ ಆ ದಿನಗಳಲ್ಲಿ ನಾನು ನನ್ನ ಪ್ರಬೋಧನೆಯ ಸಂಗತಿಯನ್ನು ಚಾಚಾಗೆ ಹೇಳಿದೆ. ಅವರು ನಕ್ಕು, ಖಲೀಫ ಉಮರರ ಕಥೆ ಹೇಳಿದರು. ಮುಂದೆ ಅದನ್ನು ನಾನು ಪುಸ್ತಕಗಳಲ್ಲಿಯೂ ಓದಿದೆ. ಕ್ರಿ.ಶ. 638–639ರ ಸುಮಾರಿನಲ್ಲಿ ಉಮರರು ಮದೀನದಿಂದ ಸಿರಿಯಾಕ್ಕೆ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ಬಂದಾಗ ಮುಂದೆ ಪ್ಲೇಗು ಹಬ್ಬಿದೆ ಎಂಬ ಸುದ್ದಿ ಸಿಕ್ಕಿತು. ಅವರು ಹಿಂತಿರುಗಲು ನಿಶ್ಚಯಿಸಿದರು. ಸೇನಾಧಿಪತಿ ಅಬೂ ಉಬೈದಾ ಅವರು, ದೇವರ ವಿಧಿಯಿಂದ ಓಡಿಹೋಗುವುದೇ ಎಂದು ಕೇಳಿದರು. ಹೌದು, ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ ಓಡುತ್ತಿದ್ದೇವೆ ಎಂಬ ಅರ್ಥದ ಉತ್ತರವನ್ನು ಉಮರರು ಕೊಟ್ಟರು. ಕಣಿವೆಯ ಒಂದು ಬದಿ ಹಸುರಾಗಿ, ಇನ್ನೊಂದು ಬದಿ ಬರಡಾಗಿದ್ದರೆ, ಒಂಟೆಯನ್ನು ಎಲ್ಲಿ ಮೇಯಿಸಿದರೂ ದೇವರ ವಿಧಿಯೊಳಗೇ ಮೇಯಿಸಿದಂತೆ ಎಂದು ಉದಾಹರಣೆಯನ್ನೂ ಕೊಟ್ಟರು. ರೋಗ ಹಬ್ಬಿದ ನಾಡಿಗೆ ಹೋಗಬಾರದು, ಅಲ್ಲಿರುವವರು ಹೊರಬರಬಾರದು ಎಂದು ಪ್ರವಾದಿ ಮುಹಮ್ಮದರು ಹೇಳಿದ್ದನ್ನು ಇನ್ನೊಬ್ಬ ಸಂಗಡಿಗರು ನೆನಪಿಸಿದಾಗ ಉಮರರ ನಿರ್ಧಾರ ಗಟ್ಟಿಯಾಯಿತು.

ಈ ಕಥೆಯ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು 2020ರ ಮಾರ್ಚ್ ತಿಂಗಳಲ್ಲಿ. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ನಮ್ಮ ಕಲಬುರಗಿಯಲ್ಲೇ ದಾಖಲಾಯಿತು. ದೇವಾಲಯ, ಮಸೀದಿ, ಗುಡಿಗಳೆಲ್ಲ ಮುಚ್ಚಿದವು. ದೇವರ ಮನೆಗೆ ಬಂದರೆ ರೋಗ ಹೇಗೆ ತಗಲುತ್ತದೆ, ಬರುವುದಿದ್ದರೆ ಮನೆಯಲ್ಲಿದ್ದರೂ ಬರುತ್ತದೆ ಎಂದು ನಮ್ಮವರೇ ಹಲವರು ನನ್ನೊಡನೆ ವಾದಿಸಿದರು. ಆಗ ನಾನು ದೂರವಾಣಿಯಲ್ಲಿ ನಮ್ಮ ಕುಟುಂಬಗಳಿಗೆ ಹೇಳಿದ್ದು ಉಮರರ ಕಥೆಯನ್ನೇ. ಮುಸಲ್ಮಾನರಿಗೆ ಎಲ್ಲವೂ ಹಣೆಬರಹ ಎಂದು ಬೋಧಿಸಿದ್ದ ಗುರು, ತನ್ನ ಜನರಿಗೆ ಜವಾಬ್ದಾರಿಯನ್ನು ಕಲಿಸಲು ಒಬ್ಬ ಖಲೀಫರ ಆಸರೆ ಪಡೆದ.

ಹಳೆಯ ಚರ್ಚೆ

ಹಾಗಾದರೆ ಇಸ್ಲಾಂ ಧರ್ಮ ಹೇಳುವುದೇನು? ಸುನ್ನಿ ಮುಸಲ್ಮಾನರ ವಿಶ್ವಾಸದ ಆರು ಅಂಗಗಳಲ್ಲಿ ‘ಕದರ್’, ಅಂದರೆ ದೈವನಿರ್ಣಯದಲ್ಲಿ ವಿಶ್ವಾಸವೂ ಒಂದು. ದೇವರಿಗೆ ತಿಳಿಯದೆ, ಅವರ ಅನುಮತಿಯಿಲ್ಲದೆ ಯಾವುದೂ ನಡೆಯದು. ಅದೇ ಕುರ್‌ಆನ್, ಒಂದು ಜನಾಂಗ ತನ್ನೊಳಗಿರುವುದನ್ನು ತಾನೇ ಬದಲಿಸಿಕೊಳ್ಳುವವರೆಗೆ ದೇವರು ಅದರ ಸ್ಥಿತಿಯನ್ನು ಬದಲಿಸುವುದಿಲ್ಲ ಎಂದೂ ಬೋಧಿಸುತ್ತದೆ. ಇವೆರಡನ್ನೂ ಹೇಗೆ ಕೂಡಿಸಿ ಹಿಡಿಯಬೇಕು ಎಂಬುದೇ ಅವರ ಪಂಡಿತರ ಶತಮಾನಗಳ ಚಿಂತನೆ.

ಆ ಚರ್ಚೆ ಆರಂಭವಾದದ್ದು ಬರಿಯ ಪಾಠಶಾಲೆಯಲ್ಲಲ್ಲ. ದಮಾಸ್ಕಸ್ಸಿನ ಉಮಯ್ಯದ್ ಅರಸರ ಕಾಲದಲ್ಲಿ, ತಾವು ಆಳುತ್ತಿರುವುದು ದೇವರ ನಿರ್ಣಯವೆಂದು ಅರಮನೆಯವರು ಹೇಳುತ್ತಿದ್ದರು. ಮನುಷ್ಯನ ಅನ್ಯಾಯಕ್ಕೆ ಮನುಷ್ಯನೇ ಹೊಣೆ ಎಂದು ವಾದಿಸಿದ ಘೈಲಾನ್ ಅಲ್-ದಿಮಶ್ಕಿ, ಖಲೀಫ ಹಿಷಾಮನ (724–743) ಆಳ್ವಿಕೆಯಲ್ಲಿ ಮರಣದಂಡನೆಗೆ ಗುರಿಯಾದರು. ಗಮನಿಸಿ: ಅಧಿಕಾರದಲ್ಲಿರುವವರಿಗೆ ‘ದೇವರ ಚಿತ್ತ’ ಎಂಬ ಮಾತು ಬಹಳ ಅನುಕೂಲ. ಗಣಿಗೆ ಬೇಲಿ ಹಾಕದವರಿಗೂ ಅನುಕೂಲ, ಜೊತೆಗೆ ಹೋಗದ ಗುರುವಿಗೂ ಅನುಕೂಲ.

ಮುಂದೆ ಮುತಝಿಲಿ ಪಂಥದ ಪಂಡಿತರು, ದೇವರು ನ್ಯಾಯವಂತರಾದ್ದರಿಂದ ಮನುಷ್ಯನ ಕೃತ್ಯಗಳಿಗೆ ಮನುಷ್ಯನೇ ಕರ್ತೃವಾಗಿರಬೇಕು, ಇಲ್ಲವಾದರೆ ತೀರ್ಪಿಗೆ ಅರ್ಥವಿಲ್ಲ ಎಂದರು. ಇನ್ನೊಂದು ತುದಿಯಲ್ಲಿ ಜಬ್ರಿಗಳು, ಮನುಷ್ಯನಿಗೆ ಸ್ವಂತ ಬಲವೇ ಇಲ್ಲವೆಂದರು. 936ರ ಸುಮಾರಿಗೆ ತೀರಿಕೊಂಡ ಅಲ್-ಅಶ್‌ಅರಿ ನಡುದಾರಿ ಹುಡುಕಿದರು: ಕೃತ್ಯವನ್ನು ಸೃಷ್ಟಿಸುವವರು ದೇವರು, ಅದನ್ನು ಗಳಿಸಿಕೊಂಡು ತನ್ನದಾಗಿಸಿಕೊಳ್ಳುವವನು ಮನುಷ್ಯ. ಈ ಗಳಿಕೆಗೆ ‘ಕಸ್ಬ್’ ಎಂದು ಹೆಸರು. ಸಮರ್ಕಂದಿನ ಅಲ್-ಮಾತುರೀದಿ (ಮರಣ 944) ಮನುಷ್ಯನ ಆಯ್ಕೆಗೆ ಇನ್ನೂ ಹೆಚ್ಚು ಜಾಗ ಕೊಟ್ಟರು. ನಮ್ಮ ಭಾಗದ ಬಹುಪಾಲು ಸುನ್ನಿಗಳು ಅನುಸರಿಸುವ ಹನಫಿ ಪರಂಪರೆ ಸಾಮಾನ್ಯವಾಗಿ ಮಾತುರೀದಿಯವರ ದಾರಿಯಲ್ಲಿ ನಡೆಯುತ್ತದೆ. ಎಲ್ಲವೂ ಹಣೆಬರಹ, ಮನುಷ್ಯ ಗೊಂಬೆ ಎಂಬ ಜಬ್ರಿಗಳ ಮಾತನ್ನು ಈ ಮುಖ್ಯ ಪರಂಪರೆಗಳು ಒಪ್ಪಲಿಲ್ಲ. ನಾನು ಪ್ರಬೋಧನೆಯಲ್ಲಿ ಇಸ್ಲಾಮಿನ ಬೋಧನೆಯೆಂದು ಹೇಳಿದ್ದು ಹೀಗೆ ಇಸ್ಲಾಮೇ ಬದಿಗಿಟ್ಟ ಅಭಿಪ್ರಾಯವಾಗಿತ್ತು.

ಇದು ಎಲ್ಲಿಯೋ ದೂರದ ಸಂಗತಿ ಎಂದುಕೊಳ್ಳಬೇಡಿ. ಅಶ್‌ಅರಿ ಇರಾಕಿನಲ್ಲಿ ಬೋಧಿಸುತ್ತಿದ್ದ ಅದೇ ಕಾಲದಲ್ಲಿ ನಮ್ಮ ಸೇಡಂ ತಾಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಅರಬರಿಗೆ ‘ಮಾನಕೀರ್’ ಎಂಬ ಹೆಸರಿನಿಂದ ಪರಿಚಿತವಾಗಿತ್ತು. ಬಗ್ದಾದಿನ ಲೇಖಕ ಅಲ್-ಮಸೂದಿ ಅದನ್ನು ಬಲ್ಹರ ಅರಸನ ರಾಜಧಾನಿ ಎಂದು ವರ್ಣಿಸಿ, ಆತನ ರಾಜ್ಯದಲ್ಲಿ ಮುಸಲ್ಮಾನರಿಗೆ ಗೌರವವೂ ರಕ್ಷಣೆಯೂ ಇವೆ ಎಂದು ಬರೆದಿದ್ದಾರೆ. ಕಾಗಿಣಾ ನದಿಯ ದಂಡೆಯ ಕೋಟೆಯ ಹಾಳುಗೋಡೆಗಳ ಮುಂದೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನಮ್ಮ ಮನೆಯಲ್ಲೂ ಇದೇ ಜಗಳ ನಡೆದಿದೆ. ದೇವರ ಕೃಪೆ ಮೊದಲೋ, ಮನುಷ್ಯನ ಒಪ್ಪಿಗೆ ಮೊದಲೋ ಎಂದು 16ನೆಯ ಶತಮಾನದ ಕೊನೆಯಲ್ಲಿ ದೊಮಿನಿಕನ್ ಮತ್ತು ಯೇಸುಸಭೆಯ ಗುರುಗಳು ತೀವ್ರವಾಗಿ ವಾದಿಸಿದರು. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಪೋಪ್ ಐದನೆಯ ಪೌಲರು ಯಾವ ಪಕ್ಷವನ್ನೂ ಖಂಡಿಸದೆ, ಪರಸ್ಪರ ನಿಂದಿಸಬೇಡಿ ಎಂದು ಹೇಳಿ ಸಭೆಯನ್ನು ಮುಗಿಸಿದರು. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ನಮ್ಮ ಪಂಡಿತರಿಗೇ ಬಿಡಿಸಲಾಗದ ಒಗಟಿನಲ್ಲಿ ನೆರೆಯವರು ಸೋತಿದ್ದಾರೆಂದು ಹೇಳುವ ಅಧಿಕಾರ ನನಗೆಲ್ಲಿಂದ ಬಂತು?

ಬಿತ್ತಿ ಬೇಡುವುದು

ಪಂಡಿತರ ಮಾತನ್ನು ಅಲ್ಲಿಗೆ ಬಿಟ್ಟು ಚಿಂಚೋಳಿಯ ಹೊಲಕ್ಕೆ ಬನ್ನಿ. ಅಲ್ಲಿ ನನಗೆ ಪರಿಚಯದ ಮುಸ್ಲಿಂ ರೈತರೊಬ್ಬರಿದ್ದಾರೆ. ತೊಗರಿಗೆ ನೆಟೆ ರೋಗ ಬಿದ್ದರೆ ನಿಂತ ಬೆಳೆ ನಿಂತಲ್ಲೇ ಒಣಗುತ್ತದೆ ಎಂಬುದು ನಿಮಗೆ ಗೊತ್ತು. ಒಮ್ಮೆ ಅವರ ಮನೆಗೆ ಹೋದಾಗ, ಬಿತ್ತುವ ಮೊದಲು ಬೀಜಕ್ಕೆ ಟ್ರೈಕೋಡರ್ಮಾ ಪುಡಿ ಲೇಪಿಸಿ ನೆರಳಲ್ಲಿ ಒಣಗಿಸುತ್ತಿದ್ದರು. ಈ ವರ್ಷ ಬೆಳೆ ಹೇಗೆ ಎಂದು ಕೇಳಿದೆ. “ಇನ್ಷಾ ಅಲ್ಲಾಹ್, ಛಲೋ ಬರ್ತದ್ರಿ” ಎಂದರು. ಕೈ ಮಾತ್ರ ಬೀಜದ ಮೇಲೆಯೇ ಇತ್ತು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ದೇವರಲ್ಲಿ ಭರವಸೆಯಿಡು ಎಂಬರ್ಥದ ಪ್ರವಾದಿಗಳ ಮಾತೊಂದು ಮುಸಲ್ಮಾನರಲ್ಲಿ ಬಹಳ ಪ್ರಸಿದ್ಧ. ಆ ಅಂಗಳದಲ್ಲಿ ನಾನು ಕಂಡದ್ದು ಅದನ್ನೇ.

‘ಇನ್ಷಾ ಅಲ್ಲಾಹ್’ ಎಂದರೆ ಮಾಡುವ ಮನಸ್ಸಿಲ್ಲದವರ ನೆಪ ಎಂದು ನಾವು ತಮಾಷೆ ಮಾಡುವುದುಂಟು. ಆದರೆ ನಾಳೆ ಇದನ್ನು ಮಾಡುತ್ತೇನೆ ಎನ್ನುವಾಗ ದೇವರ ಚಿತ್ತವನ್ನು ನೆನೆಯಬೇಕೆಂದು ಕುರ್‌ಆನ್ ಕಲಿಸುವಂತೆಯೇ, ಸಂತ ಯಕೋಬರೂ ತಮ್ಮ ಪತ್ರದಲ್ಲಿ ವ್ಯಾಪಾರಕ್ಕೆ ಹೊರಟವರಿಗೆ ಕಲಿಸುತ್ತಾರೆ. ಆ ಮಾತು ಹೆಮ್ಮೆಯನ್ನು ತಗ್ಗಿಸಲು ಇರುವುದು, ಕೆಲಸವನ್ನು ತಪ್ಪಿಸಲು ಅಲ್ಲ. ಅದನ್ನು ನೆಪವಾಗಿ ಬಳಸಿದವನು ಆ ರೈತನಲ್ಲ. ‘ದೇವರ ಚಿತ್ತವಿದ್ದರೆ ಬರುತ್ತೇನೆ’ ಎಂದ ನಾನು.

ಹುಟ್ಟಿನಿಂದ ಬಂದದ್ದು, ಆರಿಸಿಕೊಂಡದ್ದು

ವಾಡಿ ಜಂಕ್ಷನ್ನಿನಲ್ಲಿ ಹಳಿಗಳು ಕವಲೊಡೆಯುತ್ತವೆ. ಒಂದು ಶಹಾಬಾದ್, ಕಲಬುರಗಿ ದಾಟಿ ಮುಂಬಯಿಯತ್ತ, ಒಂದು ರಾಯಚೂರಿನತ್ತ, ಇನ್ನೊಂದು ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿನತ್ತ. ಅಲ್ಲಿ ರೈಲಿಗೆ ಕಾಯುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಕಾಲೇಜು ಹುಡುಗನೊಬ್ಬ ಪಕ್ಕದಲ್ಲಿ ಕುಳಿತು ಕೇಳಿದ: “ಫಾದರ್, ನಮ್ಮಜ್ಜ ಕ್ರೈಸ್ತ, ಅದಕ್ಕ ನಾ ಕ್ರೈಸ್ತ. ನನ್ನ ದೋಸ್ತನ ಅಜ್ಜ ಮುಸ್ಲಿಂ, ಅದಕ್ಕ ಅಂವ ಮುಸ್ಲಿಂ. ಇದ್ರಾಗ ನಮ್ಮಿಬ್ಬರ ಆಯ್ಕೆ ಎಲ್ಲದ? ಇದೂ ತಕ್ದೀರ್ ಅಲ್ಲೇನ್ರಿ?”

ಒಳ್ಳೆಯ ಪ್ರಶ್ನೆ. ನಿಮ್ಮ ಮಕ್ಕಳೂ ಕೇಳಿಯಾರು, ಗದರಬೇಡಿ. ಇಸ್ಲಾಂ ಪರಂಪರೆಯೇ ಇದನ್ನು ಗುರುತಿಸಿದೆ. ಪ್ರತಿಯೊಂದು ಮಗುವೂ ದೇವರನ್ನು ಅರಿಯುವ ಸಹಜ ಸ್ವಭಾವದಲ್ಲಿ ಹುಟ್ಟುತ್ತದೆ, ಅದನ್ನು ಈ ಮತದವರು ಆ ಮತದವರು ಎಂದು ಮಾಡುವವರು ತಂದೆತಾಯಿಗಳು ಎಂಬ ಅರ್ಥದ ಪ್ರವಾದಿಗಳ ಮಾತೊಂದನ್ನು ಮುಸಲ್ಮಾನರು ಉದ್ಧರಿಸುತ್ತಾರೆ. ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳುತ್ತಾರೆ. ನಾವು ಕೂಸಿಗೆ ದೀಕ್ಷಾಸ್ನಾನ ಕೊಡುತ್ತೇವೆ. ಎರಡೂ ತಂದೆತಾಯಿಗಳು ಪ್ರೀತಿಯಿಂದ ಕೊಡುವ ಆಸ್ತಿ. ಆದರೆ ನಮಾಜು, ಉಪವಾಸಗಳ ಕಡ್ಡಾಯ ಹೊಣೆ ಅವರಲ್ಲಿ ಪ್ರೌಢ ವಯಸ್ಸಿಗೆ ಬಂದು ತಿಳಿವಳಿಕೆ ಮೂಡಿದ ಮೇಲೆಯೇ ಆರಂಭವಾಗುತ್ತದೆ. ಯಾವ ಆರಾಧನೆಗೂ ‘ನಿಯ್ಯತ್’, ಅಂದರೆ ಮನಸ್ಸಿನ ಸಂಕಲ್ಪ, ಇರಲೇಬೇಕು. ನಮ್ಮಲ್ಲಿಯೂ ದೃಢೀಕರಣದ ಸಂಸ್ಕಾರ ಇರುವುದು, ಅಂದು ಬೇರೆಯವರು ನಮ್ಮ ಪರವಾಗಿ ಹೇಳಿದ ‘ಹೌದು’ ಎಂಬ ಮಾತನ್ನು ಇಂದು ನಾವೇ ಹೇಳಲೆಂದು.

‘ಇಸ್ಲಾಂ’ ಎಂಬ ಪದಕ್ಕೆ ಶರಣಾಗತಿ ಎಂದು ಅರ್ಥ. ಕಲ್ಲು ಶರಣಾಗಲಾರದು, ಇಟ್ಟಲ್ಲಿ ಇರುತ್ತದೆ. ಒಲ್ಲೆ ಎನ್ನಬಲ್ಲವನು ಮಾತ್ರ ಶರಣಾಗಬಲ್ಲ. ದೇವರು ಒಂದು ಹೊಣೆಯನ್ನು ಆಕಾಶ, ಭೂಮಿ, ಬೆಟ್ಟಗಳ ಮುಂದಿಟ್ಟಾಗ ಅವು ಅಂಜಿ ಹಿಂದೆ ಸರಿದವು, ಮನುಷ್ಯ ಅದನ್ನು ಹೊತ್ತುಕೊಂಡ ಎಂಬ ದೃಷ್ಟಾಂತ ಕುರ್‌ಆನಿನಲ್ಲಿದೆ. ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿ ತಮ್ಮ ಚಿತ್ತವನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದ್ದೂ ಬಲವಂತದಿಂದಲ್ಲ. ರಕ್ತದಂತೆ ಬೆವರು ಸುರಿಸಿದ ಬಳಿಕ ಸ್ವಂತ ಮನಸ್ಸಿನಿಂದ.

ಮೊಹರಂ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಪೀರರನ್ನು ಕೂಡಿಸುವುದನ್ನು, ಕನ್ನಡದಲ್ಲಿ ರಿವಾಯತ್ ಪದಗಳನ್ನು ಹಾಡುವುದನ್ನು ನೀವು ಕಂಡಿದ್ದೀರಿ. ಆ ಕರ್ಬಲಾ ಕಥೆಯಲ್ಲಿ ಹುರ್ ಎಂಬ ಸೇನಾನಿ ಬರುತ್ತಾನೆ. 680ರಲ್ಲಿ ಯಜೀದನ ಪಕ್ಷದಿಂದ ಬಂದು ಇಮಾಮ್ ಹುಸೇನರ ದಾರಿಯನ್ನು ಮೊದಲು ತಡೆದವನು ಅವನೇ. ಕದನದ ದಿನ ಬೆಳಿಗ್ಗೆ ನಡುಗುತ್ತ ಕುದುರೆಯನ್ನು ತಿರುಗಿಸಿ, ಸೋಲುವುದು ಖಚಿತವಾಗಿದ್ದ ಹುಸೇನರ ಪಕ್ಷಕ್ಕೆ ಬಂದು ಕ್ಷಮೆ ಬೇಡಿ ಪ್ರಾಣಕೊಟ್ಟ. ‘ಹುರ್’ ಎಂದರೆ ಸ್ವತಂತ್ರ. ಅವನ ತಾಯಿ ಇಟ್ಟ ಹೆಸರನ್ನು ಅವನು ನಿಜಮಾಡಿದ್ದು ಆ ಬೆಳಿಗ್ಗೆ. ವಾಡಿಯ ಆ ಹುಡುಗನಿಗೆ ನಾನು ಈ ಕಥೆ ಹೇಳಿ, ಹಳಿ ಹಾಕಿದವರು ನಮ್ಮ ಹಿರಿಯರಪ್ಪಾ, ಗಾಡಿ ಹತ್ತಬೇಕಾದವನು ನೀನು ಎಂದೆ.

ಆಯ್ಕೆಯ ಮಾತು ಬಂದಾಗ ಕಹಿಯನ್ನೂ ಮರೆಮಾಚಬಾರದು. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂದು ಕುರ್‌ಆನ್ ಹೇಳಿದರೂ, ಧರ್ಮ ಬಿಟ್ಟವರಿಗೆ ಶಿಕ್ಷೆ ವಿಧಿಸಬೇಕೆಂದು ಹಳೆಯ ನ್ಯಾಯಪಂಡಿತರು ಬರೆದರು. ಇಂದು ಅನೇಕ ಮುಸ್ಲಿಂ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಮನುಷ್ಯನ ಸ್ವಾತಂತ್ರ್ಯವನ್ನು ಎತ್ತಿಹಿಡಿದ ಮುತಝಿಲಿಗಳ ಮತವನ್ನೇ ಖಲೀಫ ಮಾಮೂನ್ 833ರಲ್ಲಿ ಬಲವಂತದಿಂದ ಹೇರಿದ. ಒಪ್ಪದ ಇಬ್ನ್ ಹಂಬಲರು ಸೆರೆವಾಸ ಅನುಭವಿಸಿದರು. ನಮ್ಮ ಕೈಗಳೂ ಶುದ್ಧವಲ್ಲ. ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವೇ ವರ್ಷಗಳ ಬಿಡುವಿನೊಡನೆ, ನಡೆದ ಧರ್ಮವಿಚಾರಣೆಯ ನ್ಯಾಯಾಲಯವನ್ನು ಮರೆಯಲಾಗದು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಸಾರಿದ್ದು 1965ರ ಡಿಸೆಂಬರಿನಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಮಹಾಸಭೆ, ಅಬ್ರಹಾಮನಂತೆ ದೇವರ ಗೂಢ ನಿರ್ಣಯಗಳಿಗೂ ಮನಃಪೂರ್ವಕ ಶರಣಾಗಲು ಯತ್ನಿಸುವವರೆಂದು ಮುಸಲ್ಮಾನರನ್ನು ಗೌರವದಿಂದ ನೆನೆಯಿತು.

ಪರಧರ್ಮವನ್ನು ಗೌರವಿಸುವ ಈ ಪಾಠ ನಮ್ಮ ನೆಲಕ್ಕೆ ಹೊಸದೇನಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಗುಡಿಯೊಂದರಲ್ಲಿ ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು 1980ರ ದಶಕದಲ್ಲಿ ತಿಳಿದುಬಂತು. ಅದರಲ್ಲಿ ಹನ್ನೆರಡನೆಯ ಶಿಲಾಶಾಸ‌ನದ ಭಾಗವೂ ಇದೆ. ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರ ಪಂಥವನ್ನು ಹಳಿಯಬಾರದು, ನಾಲಿಗೆಯನ್ನು ಹಿಡಿತದಲ್ಲಿಡಬೇಕು ಎಂಬುದೇ ಆ ಶಾಸನದ ಸಾರ. ನನ್ನ ಪ್ರಬೋಧನೆಗೆ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಮೊದಲೇ ನಮ್ಮ ತಾಲೂಕಿನ ಕಲ್ಲಿನ ಮೇಲೆ ಬುದ್ಧಿಮಾತು ಬರೆದಿತ್ತು.

ಎರಡು ಪ್ರಶ್ನೆಗಳು

ಚಾಚಾ ಈಗ ಇಲ್ಲ. ಅವರ ಜನಾಜಾದ ಹಿಂದೆ ನಾನೂ ನಡೆದೆ. ಮಸೀದಿಯ ಯುವಕರು ಪಕ್ಕಕ್ಕೆ ಸರಿದು ಹೆಗಲು ಕೊಡಲು ಜಾಗ ಬಿಟ್ಟರು. ಮಣ್ಣು ಹಾಕುವಾಗ, ಇದು ದೇವರ ಚಿತ್ತ ಎಂದು ನಾನು ಮನಸ್ಸಿನಲ್ಲಿ ಹೇಳಿಕೊಂಡೆ. ಆ ಮಾತನ್ನು ಅದರ ಸರಿಯಾದ ಜಾಗದಲ್ಲಿ ಹೇಳುತ್ತಿದ್ದೇನೆ ಎಂದು ಅಂದು ಅನ್ನಿಸಿತು.

ಪ್ರಿಯ ಓದುಗರೇ, ಮುಂದಿನ ಸಲ ನಿಮ್ಮ ಮನೆಯಲ್ಲಿ ‘ದೇವರ ಚಿತ್ತ’ ಎಂಬ ಮಾತು ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಆಗಿಹೋದದ್ದೋ, ಇನ್ನೂ ಮಾಡಬೇಕಾದದ್ದೋ? ಆಗಿಹೋದದ್ದಾದರೆ, ಅದರಲ್ಲಿ ನಾನು ಮಾಡದೆ ಬಿಟ್ಟದ್ದೇನಾದರೂ ಇದೆಯೋ? ಮಾಡಬೇಕಾದದ್ದನ್ನು ಮಾಡಿ. ಬಿಟ್ಟದ್ದಕ್ಕೆ ಕ್ಷಮೆ ಕೇಳಿ. ಉಳಿದುದನ್ನು, ನಮ್ಮ ಕೈಗೆ ಎಟುಕದ್ದನ್ನು, ದೇವರ ಕೈಗೆ ಬಿಡಿ. ಪರಲೋಕ ಮಂತ್ರದಲ್ಲಿ ದೇವರ ಚಿತ್ತ ಭೂಮಿಯಲ್ಲಿ ನೆರವೇರಲೆಂದು ದಿನವೂ ಬೇಡುತ್ತೇವೆ. ತಾನಾಗಿಯೇ ನೆರವೇರುವಂತಿದ್ದರೆ ಬೇಡುವ ಅಗತ್ಯವೇನಿತ್ತು? ಅದು ನಮ್ಮ ಕೈಗಳನ್ನು ಕೇಳುವ ಪ್ರಾರ್ಥನೆ.

ಆ ಪ್ರಬೋಧನೆಯನ್ನು ಅಂದು ಕೇಳಿಸಿಕೊಂಡವರಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ನಾನು ಅಂದು ಹೇಳಿದ್ದು ಸುಳ್ಳಾಗಿತ್ತು. ದಯವಿಟ್ಟು ಅದನ್ನು ನಿಮ್ಮ ಮಕ್ಕಳಿಗೆ ದಾಟಿಸಬೇಡಿ. ಆ ತಾಯಿಯ ಬಳಿಗೆ ನಾನು ಹೋಗಿ, ಬೇಸಿಗೆಯಲ್ಲಿ ಚಾಚಾ ಎರಡು ಬಾರಿ ಬಂದಿದ್ದನ್ನೂ ನಾನು ಹೋಗದಿದ್ದುದನ್ನೂ ಹೇಳಿದ್ದೇನೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಗೋಡೀ ಗಟ್ಟಿ ಅದ ಏನ್ರಿ ಫಾದರ್?” ಎಂದು ಕೇಳಿದಳು. ಗಟ್ಟಿಯಾಗಿದೆ ಎಂದೆ. ಈಗಲೂ ಪ್ರತಿ ಮಳೆಗಾಲಕ್ಕೆ ಮುನ್ನ ಹೋಗಿ, ಕಲ್ಲು ಅಲುಗಾಡುತ್ತದೆಯೇ ಎಂದು ಕೈಯಿಂದ ನೂಕಿ ನೋಡಿ ಬರುತ್ತೇನೆ.